ಬೆಂಕಿಗೆ ಮಾರ್ಚ್ 31 ಗೊತ್ತಿಲ್ಲ

(ಪಕ್ಕದ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ 'ಕಾಡು ಮತ್ತು ಸರ್ಕಾರದ ದುಡ್ಡು' ಎಂಬ ವಿಷಯವಾಗಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಮರೆತದ್ದೊಂದೆರಡನ್ನು ಸೇರಿಸಿದ್ದೇನೆ.)

ನನ್ನನ್ನು ಪರಿಚಯಿಸಿದ ಮೇಷ್ಟ್ರು "ಅರಣ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸೇವೆ" ಅಂದಾಗ ಮುಂದಿನ ಸಾಲಿನ ಹುಡುಗರು ಸ್ವಲ್ಪ ನೆಟ್ಟಗೆ ಕೂತರು. ಹುಲಿ ಕತೆ ಬರುತ್ತದೆ ಅಂದುಕೊಂಡಿರಬೇಕು. ಮೊದಲೇ ಹೇಳಿಬಿಡುತ್ತೇನೆ: ನಾನು ಗಾರ್ಡೂ ಅಲ್ಲ, ರೇಂಜರೂ ಅಲ್ಲ. ವಿಭಾಗ ಕಚೇರಿಯ ಲೆಕ್ಕಪತ್ರ ಶಾಖೆಯವನು. ಇಷ್ಟು ವರ್ಷದಲ್ಲಿ ನಾನು ಕಾಡಿನಲ್ಲಿ ಹುಲಿ ನೋಡಿದ್ದು ಎರಡು ಸಲ, ಅದರಲ್ಲೂ ಒಂದು ಸಲ ಬಾಲ ಮಾತ್ರ. ಆದರೆ ಆ ಹುಲಿಯ ಹೆಸರಿನಲ್ಲಿ ಬಂದ ದುಡ್ಡು, ಆನೆಯ ಹೆಸರಿನಲ್ಲಿ ಬಂದ ದುಡ್ಡು, ಸಸಿಯ ಹೆಸರಿನಲ್ಲಿ ಬಂದು ಸಿಮೆಂಟಾದ ದುಡ್ಡು ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಿದೆ. ಆದ್ದರಿಂದ ಹುಲಿ ಕತೆ ಬಿಟ್ಟು ಬಿಲ್ಲಿನ ಕತೆ ಹೇಳುತ್ತೇನೆ.

ಒಂದು ವೋಚರಿನಿಂದ ಶುರುಮಾಡುತ್ತೇನೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಕಚೇರಿಯ ಜಗುಲಿಯಲ್ಲಿ ಹದಿನಾಲ್ಕು ಜನ ಸಾಲಾಗಿ ಕೂತಿದ್ದರು. ಬಹುಪಾಲು ಜೇನುಕುರುಬರ ಹಾಡಿಯವರು, ಇಬ್ಬರು ಮೂವರು ಕಾಡಂಚಿನ ಊರಿನವರು. ಬೆಂಕಿ ಕಾವಲಿನ ಕೂಲಿ ತಗೊಳ್ಳಲು ಬಂದಿದ್ದರು. ಕಾವಲು ಮುಗಿದದ್ದು ಏಪ್ರಿಲಿನಲ್ಲಿ, ಮೊದಲ ಮಳೆ ಬಿದ್ದ ದಿನ. ವೋಚರಿನ ಮೇಲೆ 'ಫೆಬ್ರವರಿ-ಮಾರ್ಚ್ ಬೆಂಕಿ ಕಾವಲು' ಅಂತ ಬರೆದಿದೆ, ಬಂದವರ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿದೆ. ಒಬ್ಬ ಅಜ್ಜ ಹೆಬ್ಬೆಟ್ಟು ಒತ್ತಿದ. ಬೆರಳು ಒದ್ದೆ, ಶಾಯಿ ಹರಡಿ ಗೆರೆಯೇ ಕಾಣದ ಕಪ್ಪು ಮಚ್ಚೆಯಾಯಿತು. ಆಡಿಟ್ಟಿನವರು ಆಕ್ಷೇಪಣೆ ಹಾಕುತ್ತಾರೆ ಅಂತ ಹೆದರಿ, ಬೆರಳು ಒರೆಸಿಸಿ, ಪಕ್ಕದಲ್ಲೇ ಇನ್ನೊಂದು ಸಲ ಒತ್ತಿಸಿದೆ. ಅವನು ಬೆರಳಿನ ಮಸಿಯನ್ನು ಗೋಡೆಗೆ ಉಜ್ಜುತ್ತಾ ಕೇಳಿದ: "ಬುದ್ಧೀ, ಬೆಂಕಿ ಬಿದ್ದಾಗ ನಾವು ರಾತ್ರೋರಾತ್ರಿ ಓಡ್ತೀವಿ. ದುಡ್ಡು ಯಾಕೆ ನಡ್ಕೊಂಡು ಬರ್ತದೆ?"

ನನಗೆ ಆವತ್ತು ಉತ್ತರ ಗೊತ್ತಿತ್ತು, ಹೇಳಲಿಲ್ಲ. ಅವನಿಗೆ ಹೇಳದ ಉತ್ತರವನ್ನು ನಿಮಗೆ ಹೇಳಲು ಬಂದಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ಎಲ್ಲದಕ್ಕೂ ನಾಲ್ಕಂಕಿಯ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. 'ಅರಣ್ಯ ಮತ್ತು ವನ್ಯಜೀವಿ'ಗೆ ಮುಖ್ಯವಾದವು ಮೂರು. ಕಾಡಿನಿಂದ ಬಂದ ಆದಾಯ 0406. ದಿನನಿತ್ಯದ ಖರ್ಚು 2406. ಕಟ್ಟಡ ಗಿಟ್ಟಡದಂಥ ಬಂಡವಾಳ ವೆಚ್ಚ 4406. ನಮ್ಮ ಕಾಡಿನ ಚರಿತ್ರೆ ಇಡೀ ಈ ಮೂರು ಸಂಖ್ಯೆಗಳ ಜಗಳ ಅಂದರೂ ತಪ್ಪಲ್ಲ.

ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಅದು ಗಳಿಸುವ ಇಲಾಖೆ. ತೇಗ, ಬೀಟೆ, ಹೊನ್ನೆ, ಬಿದಿರು, ಎಲ್ಲಕ್ಕಿಂತ ಮೇಲೆ ಗಂಧ. ಗಂಧವನ್ನು ಟಿಪ್ಪು 1792ರಲ್ಲೇ ರಾಜವೃಕ್ಷ ಅಂತ ಸಾರಿದ್ದ. ಆಮೇಲೆ ಬಂದ ಬ್ರಿಟಿಷರೂ ಆ ಹಕ್ಕು ಬಿಡಲಿಲ್ಲ, ಒಡೆಯರೂ ಬಿಡಲಿಲ್ಲ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಯೇ ಎದ್ದಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಸೂಪರಿಂಟೆಂಡೆಂಟರೊಬ್ಬರು, "ಒಂದು ಕಾಲದಲ್ಲಿ ನಾವು ಸರ್ಕಾರಕ್ಕೆ ಕೊಡ್ತಿದ್ದವರು ಕಣಯ್ಯಾ, ಬೇಡ್ತಿದ್ದವರಲ್ಲ" ಅಂತ ಮೀಸೆ ತಿರುವುತ್ತಿದ್ದರು. ಅವರು ಹೇಳುತ್ತಿದ್ದುದು 0406ರ ಕಾಲದ ಮಾತು.

1988ರ ರಾಷ್ಟ್ರೀಯ ಅರಣ್ಯ ನೀತಿ ಈ ಲೆಕ್ಕವನ್ನು ತಿರುಗಿಸಿ ಹಾಕಿತು. ಕಾಡು ಇರುವುದು ಪರಿಸರದ ಸಮತೋಲಕ್ಕೆ, ಅದರಿಂದ ನೇರ ಹಣ ಮಾಡುವುದು ಆಮೇಲಿನ ಮಾತು ಎಂದಿತು. ಒಳ್ಳೆಯ ನೀತಿ. ನಾನು ಅದರ ಪರವೇ. ಆದರೆ ಗಳಿಸುತ್ತಿದ್ದ ಮಗ ಗಳಿಕೆ ನಿಲ್ಲಿಸಿದರೆ ಮನೆಯಲ್ಲಿ ಊಟದ ತಟ್ಟೆ ಇಡುವ ಸದ್ದು ಬೇರೆಯಾಗುತ್ತದೆ, ನಿಮಗೆ ಗೊತ್ತಿರಬಹುದು. ಕಾಡಿಗೂ ಹಾಗೇ ಆಯಿತು. ಕೊಡುವಾಗ ಕೂಡಲೇ ಕೊಡುವುದಿಲ್ಲ, ಕೊಟ್ಟ ಮೇಲೆ ನೂರು ಲೆಕ್ಕ ಕೇಳುತ್ತಾರೆ.

ಇನ್ನು ಕಾಡಿನ ಪಂಚಾಂಗ. ಬಂಡೀಪುರ, ನಾಗರಹೊಳೆಯ ಒಣಭಾಗ, ಬಿಳಿಗಿರಿರಂಗನ ಬೆಟ್ಟದ ಕೆಳಸೆರಗು ಇವೆಲ್ಲ ಎಲೆ ಉದುರಿಸುವ ಕಾಡು. ದೀಪಾವಳಿ ಕಳೆದು ಮಳೆ ಹಿಂದೆ ಸರಿದಾಗ ಹುಲ್ಲು ಆಳೆತ್ತರ ನಿಂತಿರುತ್ತದೆ. ಡಿಸೆಂಬರಿನಲ್ಲಿ ಅದು ಕೆಂಪಾಗುತ್ತದೆ. ಆಗ ಬೆಂಕಿ ರೇಖೆ ಮಾಡಬೇಕು. ಬೆಂಕಿ ರೇಖೆ ಅಂದರೆ ರಸ್ತೆ, ಬ್ಲಾಕಿನ ಗಡಿ, ಕಾಡಿನ ಅಂಚು ಇವುಗಳುದ್ದಕ್ಕೂ ಹುಲ್ಲು, ಪೊದೆ, ಲಂಟಾನವನ್ನು ಕೊಯ್ದು ಪಟ್ಟಿಯಾಗಿ ಹಾಸಿ, ಕೆಲ ದಿನ ಒಣಗಲು ಬಿಟ್ಟು, ಗಾಳಿ ನಿಂತ ಹೊತ್ತು ನೋಡಿ ನಾವೇ ಸುಡುವುದು. ಎರಡೂ ಕಡೆ ಜನ ಹಸಿ ಸೊಪ್ಪಿನ ಕಟ್ಟು ಹಿಡಿದು ನಿಂತಿರುತ್ತಾರೆ. ಕಿಡಿ ಹಾರಿದರೆ ಬಡಿಯುತ್ತಾರೆ. ಸುಟ್ಟ ಪಟ್ಟಿಯ ಮೇಲೆ ಸುಡಲು ಏನೂ ಉಳಿಯದ್ದರಿಂದ ಮುಂದೆ ಬೆಂಕಿ ಬಂದರೆ ಅಲ್ಲಿ ನಿಲ್ಲುತ್ತದೆ. ಒಂದು ದೊಡ್ಡ ಹುಲಿಧಾಮದಲ್ಲಿ ಇಂಥ ಪಟ್ಟಿ ನೂರಾರು ಕಿಲೋಮೀಟರ್ ಆಗುತ್ತದೆ. ಯಂತ್ರ ಬಂದಿದೆ ನಿಜ, ಆದರೆ ಕುಡುಗೋಲು ಹಿಡಿದ ಕೈ ಇಲ್ಲದೆ ಕೆಲಸ ಆಗುವುದಿಲ್ಲ.

ಇದೆಲ್ಲ ಸಂಕ್ರಾಂತಿಯ ಆಸುಪಾಸಿಗೆ ಮುಗಿಯಬೇಕು. ಯಾಕೆಂದರೆ ಚಳಿ 'ಶಿವ ಶಿವಾ' ಅಂತ ಹೋದ ಮೇಲೆ ಹುಲ್ಲು ಸುಡಲು ಹೋದರೆ ಅದು ನಮ್ಮ ಮಾತು ಕೇಳುವುದಿಲ್ಲ. ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಕಾವಲು. ಆಮೇಲೆ ಮಳೆಯ ಮೇಲೆ ಭಾರ.

ಈಗ ನನ್ನ ಕಚೇರಿಯ ಪಂಚಾಂಗ ಕೇಳಿ. ಏಪ್ರಿಲ್ 1ಕ್ಕೆ ಹೊಸ ವರ್ಷ. ವಾರ್ಷಿಕ ಕಾರ್ಯಯೋಜನೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ದೆಹಲಿಗೆ ಹೋಗಿ, ಒಂದೆರಡು ಪ್ರಶ್ನೆ ಹೊತ್ತು ವಾಪಸು ಬಂದು, ಮತ್ತೆ ಹೋಗಿ ಮಂಜೂರಾಗಬೇಕು. ಹುಲಿ ಯೋಜನೆಯಲ್ಲಿ ಕೇಂದ್ರ ಪೂರ್ತಿ ಕೊಡುವುದಿಲ್ಲ. ನಮ್ಮಂಥ ರಾಜ್ಯಕ್ಕೆ ಒಂದು ಸಲದ ಕೆಲಸಗಳಲ್ಲಿ ಶೇ. 60 ಅವರದು, 40 ನಮ್ಮದು. ವರ್ಷ ವರ್ಷ ಮಾಡಲೇಬೇಕಾದ ಕೆಲಸದಲ್ಲಿ ಅರ್ಧರ್ಧ. ಅವರ ಕಂತು ಬರಬೇಕಾದರೆ ಹೋದ ವರ್ಷದ ಬಳಕೆ ಪ್ರಮಾಣಪತ್ರ ಹೋಗಿರಬೇಕು. ಅವರದು ಬಂದ ಮೇಲೆ ನಮ್ಮ ಪಾಲು ಬಿಡುಗಡೆಯಾಗಬೇಕು. ನಾನು ಕಂಡಂತೆ, ವಿಭಾಗದ ಖಾತೆಗೆ ಹಣ ಮುಟ್ಟುವ ಹೊತ್ತಿಗೆ ಕ್ರಿಸ್‌ಮಸ್ ಕಳೆದಿರುತ್ತಿತ್ತು. ಕೆಲವು ವರ್ಷ ಶಿವರಾತ್ರಿಯೂ. ಅಂದರೆ ಕುಡುಗೋಲು ಎತ್ತಬೇಕಾದ ತಿಂಗಳಲ್ಲಿ ದುಡ್ಡಿಲ್ಲ. ರೇಂಜರು ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ, ಬೇಳೆ ತರಿಸುತ್ತಿದ್ದರು. ಜನರಿಗೆ "ಬರುತ್ತೆ, ಬನ್ನಿ" ಅನ್ನುತ್ತಿದ್ದರು. ಕಾಡಿನ ಜನ ಆ ಮಾತು ನಂಬಿ ಬರುತ್ತಿದ್ದರು ಅನ್ನುವುದೇ ಇಷ್ಟು ವರ್ಷ ಕಾಡು ಉಳಿದ ಗುಟ್ಟು. ಬಜೆಟ್ ಪುಸ್ತಕದಲ್ಲಿ ಅದಕ್ಕೆ ಶೀರ್ಷಿಕೆ ಇಲ್ಲ.

ಆಮೇಲೆ ಮಾರ್ಚ್ ಬರುತ್ತದೆ. ಇಷ್ಟು ದಿನ ಬಾರದ್ದೆಲ್ಲ ಒಟ್ಟಿಗೇ ಬರುತ್ತದೆ. 31ರೊಳಗೆ ಖರ್ಚಾಗದಿದ್ದರೆ ಮರಳಿ ಹೋಗುತ್ತದೆ, ಮುಂದಿನ ವರ್ಷ "ನಿಮಗೆ ಖರ್ಚು ಮಾಡುವ ಯೋಗ್ಯತೆ ಇಲ್ಲ" ಅಂತ ಕಡಿತವೂ ಆಗುತ್ತದೆ. ಹತ್ತು ದಿನದಲ್ಲಿ ಏನು ಖರ್ಚು ಮಾಡಬಹುದು? ಕಾವಲು ಮಾಡಲಾಗುವುದಿಲ್ಲ, ಕಾವಲು ದಿನಾ ಮಾಡುವಂಥದ್ದು. ಹುಲ್ಲು ಕೊಯ್ಯಲಾಗುವುದಿಲ್ಲ, ಕಾಲ ಮೀರಿದೆ. ಸಿಮೆಂಟು ಕೊಳ್ಳಬಹುದು, ಫಲಕ ಬರೆಸಬಹುದು, ಗೇಟಿಗೆ ಕಮಾನು ಕಟ್ಟಿಸಬಹುದು. ನೀವು ಕಾಡಿನಲ್ಲಿ ಓಡಾಡುವಾಗ 'ಇಲ್ಲಿ ಇದು ಯಾಕೆ ಕಟ್ಟಿದ್ದಾರೆ' ಅನ್ನಿಸುವ ಕಟ್ಟಡ ಕಂಡರೆ ಅದು ಯಾವ ತಿಂಗಳ ದುಡ್ಡು ಅಂತ ಊಹಿಸಿ. ಮಾರ್ಚ್ ಕೊನೆಯ ವಾರ ನಮ್ಮ ಕಚೇರಿಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಗುಡ್ಡದ ಮೇಲೆ ಉರಿಯುತ್ತಿದ್ದುದು ಬೇರೆ.

2019ರ ಫೆಬ್ರವರಿ ನೆನಪಿದೆಯಾ? ಬಂಡೀಪುರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಬೆಂಕಿ. ಐದು ದಿನ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರು ನೀರು ಹೊತ್ತು ತರಬೇಕಾಯಿತು. ಸುಮಾರು 4,400 ಹೆಕ್ಟೇರು ಸುಟ್ಟಿತು ಅಂತ ಉಪಗ್ರಹದ ಲೆಕ್ಕ ಹೇಳಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಬೆಂಕಿಯಲ್ಲಿ ಅದೇ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ ಸುಟ್ಟು ತೀರಿಕೊಂಡ. ಬೆಂಕಿ ಹಚ್ಚುವವರು ಯಾರೋ, ಕಾರಣ ಏನೋ, ಅದು ಬೇರೆ ಮಾತು. ನಾನು ಹೇಳುವುದಿಷ್ಟೇ: ಹೆಲಿಕಾಪ್ಟರಿಗೆ ಒಂದೇ ದಿನದಲ್ಲಿ ಅನುಮತಿ ಸಿಗುತ್ತದೆ. ಕುಡುಗೋಲಿಗೆ ಸಿಗುವುದಿಲ್ಲ.

ಇಲ್ಲೊಂದು ಅಡ್ಡಮಾತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಚಳಿಗಾಲ ಮುಗಿಯುವ ಮೊದಲೇ ನೆಲದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅನ್ನುತ್ತಾರೆ. ಮೊಣಕಾಲೆತ್ತರ ಉರಿದು ಆರುವ ಬೆಂಕಿ ಅದು. ಕಾನೂನು ಅದನ್ನು ನಿಲ್ಲಿಸಿತು, ಲಂಟಾನ ಬೆಳೆಯಿತು, ಈಗ ಬೆಂಕಿ ಬಂದರೆ ಮರದ ತುದಿಗೆ ಹತ್ತುತ್ತದೆ ಅಂತ ಅವರು ವಾದಿಸುತ್ತಾರೆ. ವಿಜ್ಞಾನಿಗಳಲ್ಲಿ ಇದಕ್ಕೆ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಆ ಬೆಂಕಿಗೆ ಅನುದಾನ ಬೇಕಿರಲಿಲ್ಲ ಅನ್ನುವುದನ್ನು ಲೆಕ್ಕದವನಾಗಿ ನಾನು ಗಮನಿಸದೇ ಇರಲಾರೆ.

ಹಾಗಾದರೆ ಕಾಡಿಗೆ ದುಡ್ಡು ಕಡಿಮೆಯೇ? ಇಲ್ಲ ಅನ್ನಲಾರೆ. ಆದರೆ ಕೇಳುವ ಪ್ರಶ್ನೆ ಅದೊಂದೇ ಆದರೆ ಮೋಸ ಹೋಗುತ್ತೀರಿ. ದುಡ್ಡಿನ ಒಂದು ದೊಡ್ಡ ಕೆರೆಯೇ ಇದೆ. ಅದರ ಹೆಸರು ಕ್ಯಾಂಪಾ, ಅಂದರೆ ಹೋದ ಕಾಡಿಗೆ ಬದಲಿ ಕಾಡು ಬೆಳೆಸುವ ನಿಧಿ.

ಇದು ಬಂದ ದಾರಿ ಸ್ವಾರಸ್ಯದ್ದು. ಗೋದಾವರ್ಮನ್ ತಿರುಮುಲ್ಪಾಡ್ ಎಂಬುವರು ನೀಲಗಿರಿ ಕಡೆಯ ಮರಗಳ್ಳತನದ ಬಗ್ಗೆ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರಂದು ಕೋರ್ಟು 'ಕಾಡು' ಎಂಬ ಪದಕ್ಕೆ ನಿಘಂಟಿನ ಅರ್ಥವೇ ಅರ್ಥ, ಯಾರ ಹೆಸರಿನಲ್ಲಿದ್ದರೂ ಅದು ಕಾಡೇ ಎಂದಿತು. ಗಣಿಗೆ, ಅಣೆಕಟ್ಟಿಗೆ, ರಸ್ತೆಗೆ ಕಾಡು ಬೇಕೆಂದವರು ಬದಲಿ ಕಾಡು ಬೆಳೆಸುವ ಖರ್ಚನ್ನೂ, ಕಳೆದ ಕಾಡಿನ 'ನಿವ್ವಳ ಪ್ರಸ್ತುತ ಮೌಲ್ಯ'ವನ್ನೂ (ಆ ಕಾಡು ಮುಂದೆ ಕೊಡಬಹುದಾಗಿದ್ದ ಉಪಯೋಗಕ್ಕೆ ಇಂದಿನ ಬೆಲೆ) ಕಟ್ಟಬೇಕು ಅಂತಾಯಿತು. 2008ರಲ್ಲಿ ಆ ಬೆಲೆ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಅಭಯಾರಣ್ಯವಾದರೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ಮೂಲ ದರವನ್ನೇ ಏರಿಸಿದರು. ಕಟ್ಟಿದ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೊಳೆಯಿತು, ಯಾರು ಖರ್ಚು ಮಾಡಬೇಕೆಂಬುದೇ ತೀರ್ಮಾನವಾಗಿರಲಿಲ್ಲ. 2016ರಲ್ಲಿ ಕಾಯ್ದೆ ಬಂತು, 2018ರಲ್ಲಿ ನಿಯಮ ಬಂತು, 2019ರ ಆಗಸ್ಟಿನಲ್ಲಿ ಕೇಂದ್ರ ಒಂದೇ ಸಲಕ್ಕೆ 47,436 ಕೋಟಿ ರೂಪಾಯಿಯನ್ನು 27 ರಾಜ್ಯಗಳಿಗೆ ಹಂಚಿತು. ನಮ್ಮ ಪಾಲಿಗೆ ಬಂದದ್ದು ಸುಮಾರು 1,350 ಕೋಟಿ.

ಅಷ್ಟು ದುಡ್ಡು ಅಂದಾಗ ನಮ್ಮ ಶಾಖೆಯಲ್ಲೂ ಹಬ್ಬದ ಕಳೆ ಬಂತು. ಆದರೆ ಎರಡು ಸಂಗತಿ ಗಮನಿಸಿ. ಒಂದು, ಇದು ಕಾಡು ಹೋದದ್ದಕ್ಕೆ ಬಂದ ದುಡ್ಡು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಕೊಳ್ಳೆ ಹೊಡೆದವನೇ ಬಾಗಿಲಿನ ಖರ್ಚು ಕೊಡುತ್ತಾನೆ. ಜಾಸ್ತಿ ಕೊಳ್ಳೆಯಾದ ಊರಿಗೆ ದೊಡ್ಡ ಬಾಗಿಲು. ಯಾವ ವರ್ಷ ಕಾಡು ಒಂದಿಷ್ಟೂ ಹೋಗಲಿಲ್ಲವೋ ಆ ವರ್ಷ ಈ ಕೆರೆಗೆ ನೀರಿಲ್ಲ. ಕಾಡು ಕಾಯುವ ಇಲಾಖೆ ಕಾಡು ಹೋಗುವುದನ್ನೇ ಎದುರುನೋಡುವಂತೆ ಆಗಬಾರದಲ್ಲ. ಎರಡನೆಯದು, ಈ ದುಡ್ಡಿಗೆ ಗುಂಡಿ ತೋಡಿ ಸಸಿ ನೆಡುವುದು ಇಷ್ಟ. ಕಾಯಂ ನೌಕರರ ಸಂಬಳಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಅದು ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಅವಕಾಶವಿಲ್ಲದ ಎಷ್ಟೋ ಕಡೆ ದಾರಿ ಹುಡುಕುತ್ತಾರೆ. ಉತ್ತರಾಖಂಡದಲ್ಲಿ ಈ ನಿಧಿಯಿಂದ ಐಫೋನು, ಲ್ಯಾಪ್‌ಟಾಪು, ಫ್ರಿಜ್ಜು ಕೊಂಡಿದ್ದಾರೆ ಅಂತ ಮಹಾಲೇಖಪಾಲರ ವರದಿ 2025ರಲ್ಲಿ ಹೇಳಿತು. ಫ್ರಿಜ್ಜಿನಲ್ಲಿ ಯಾವ ಸಸಿ ಇಟ್ಟಿದ್ದರೋ.

ನಗಬೇಡಿ, ಸಸಿ ನೆಟ್ಟರೂ ಅಪಾಯವಿದೆ. ರಾಣೆಬೆನ್ನೂರಿನ ಕಡೆಯವರು ಯಾರಾದರೂ ಇದ್ದೀರಾ? ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಇದೆ, 1974ರದು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ಹುಲ್ಲು, ದೂರದವರೆಗೆ ಕಾಣುವ ನೆಲ. ಅಲ್ಲಿ ಎರ್ಲಡ್ಡು ಹಕ್ಕಿಯೂ ಇತ್ತು, ಆಳು ಸೊಂಟದೆತ್ತರದ ದೊಡ್ಡ ಹಕ್ಕಿ, ಬಯಲಿನದೇ ಜೀವ. ಸರ್ಕಾರ ಆ ಬಯಲನ್ನು ನೋಡಿ 'ಪಾಳುಬಿದ್ದಿದೆ' ಅಂದುಕೊಂಡು ನೀಲಗಿರಿ ನೆಟ್ಟಿತು. ಸರ್ಕಾರಿ ಖರ್ಚಿನಲ್ಲೇ. ಇವತ್ತು ಅಭಯಾರಣ್ಯದ ಬಹುಭಾಗ ನೆಡುತೋಪು, ಎರ್ಲಡ್ಡು ಅಲ್ಲಿಲ್ಲ. ಲೆಕ್ಕಪತ್ರದಲ್ಲಿ ಅದು ತಪ್ಪಿಲ್ಲದ ಕೆಲಸ: ಗುಂಡಿ ಇಷ್ಟು, ಸಸಿ ಇಷ್ಟು, ಬದುಕಿದ್ದು ಇಷ್ಟು. ಹುಲ್ಲನ್ನು ಹಾಗೇ ಬಿಟ್ಟರೆ ಬಿಲ್ಲು ಬರೆಯಲು ಏನಿದೆ? ಈ ನೀಲಗಿರಿ ಹುಚ್ಚಿನ ವಿರುದ್ಧವೇ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರಿನಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಅಂತ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದ್ದು. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿಗೂ ಎಷ್ಟೋ ವರ್ಷ ಇದೇ ಗತಿ. ಖಾಲಿ ಜಾಗ ಅಂತ ಕಂಡವರೆಲ್ಲ ಅಲ್ಲಿ ಏನಾದರೊಂದು ಕಟ್ಟುವ ಯೋಚನೆ ಮಾಡಿದರು, ಚಿತ್ರನಗರಿಯೂ ಸೇರಿ.

ನಗರದ ಉದ್ಯಾನಕ್ಕೂ ಇದೇ ರೋಗ, ಸ್ವಲ್ಪ ಸೌಮ್ಯ ರೂಪದಲ್ಲಿ. ಲಾಲ್‌ಬಾಗ್ 240 ಎಕರೆ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯೋತ್ಸವಕ್ಕೆ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ಅಂದರೆ ಟಿಕೆಟ್ಟಿಗೆ ಸಾಲು, ಮಂತ್ರಿಗಳ ಉದ್ಘಾಟನೆ, ಟೀವಿ. ಆಮೇಲಿನ ಮುನ್ನೂರು ಚಿಲ್ಲರೆ ದಿನ ಒಣಕೊಂಬೆ ಕಡಿಯುವವನ ಫೋಟೋ ಯಾರೂ ತೆಗೆಯುವುದಿಲ್ಲ. ಕಾಡು ಕಾಯುವ ವಾಚರನಿಗೂ ಹಾಗೇ. ಆನೆ ತಡೆಯಲು ಹಳೆ ರೈಲು ಕಂಬಿಯ ಬೇಲಿ ಹಾಕುತ್ತಾರಲ್ಲ, ಕಿಲೋಮೀಟರಿಗೆ ಕೋಟಿ ರೂಪಾಯಿ ದಾಟುತ್ತದೆ. ಒಳ್ಳೆಯದೇ, ಎಷ್ಟೋ ಊರಿನ ಬೆಳೆ ಉಳಿದಿದೆ. ಅದಕ್ಕೆ ಟೇಪು ಕತ್ತರಿಸಬಹುದು. ಆ ಬೇಲಿಯ ಪಕ್ಕ ನಡೆದು ಎಲ್ಲಿ ಕಂಬಿ ಬಾಗಿದೆ ಅಂತ ನೋಡುವವನಿಗೆ ಟೇಪು ಕತ್ತರಿಸಲಾಗುವುದಿಲ್ಲ.

ಇನ್ನೊಂದು ದುಡ್ಡಿದೆ, ಅದರ ಬಗ್ಗೆ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟೆಷ್ಟು ಅಂತ ಹಂಚುವುದು ಹಣಕಾಸು ಆಯೋಗ. 14ನೇ ಆಯೋಗ ಮೊದಲ ಸಲ ಆ ಸೂತ್ರದೊಳಗೇ ಕಾಡನ್ನು ಸೇರಿಸಿತು: ಶೇ. 7.5 ತೂಕ. 15ನೇ ಆಯೋಗ ಅದನ್ನು ಶೇ. 10 ಮಾಡಿತು. ಅಂದರೆ ದಟ್ಟ ಕಾಡು ಉಳಿಸಿಕೊಂಡ ರಾಜ್ಯಕ್ಕೆ ಅಷ್ಟರ ಮಟ್ಟಿಗೆ ಹೆಚ್ಚು ಪಾಲು. ಬೇರೆ ಕಾರಣಗಳಿಗೆ ಆ 15ನೇ ಆಯೋಗದಲ್ಲಿ ನಮ್ಮ ರಾಜ್ಯದ ಒಟ್ಟು ಪಾಲು ಶೇ. 4.71ರಿಂದ 3.65ಕ್ಕೆ ಕುಸಿಯಿತು, ಅದರ ಜಗಳ ನಿಮಗೆ ಗೊತ್ತೇ ಇದೆ. ಆದರೆ ಆ 3.65ರೊಳಗೂ ನಮ್ಮ ಘಟ್ಟದ ಕಾಡು ದುಡಿದು ತಂದ ಒಂದು ತುಂಡಿತ್ತು. ಇಂಥ ದುಡ್ಡು ಹೋಗಿ ಬೀಳುವುದು ರಾಜ್ಯದ ಒಟ್ಟು ಹುಂಡಿಗೆ. ಅಲ್ಲಿಂದ ಯಾವುದಕ್ಕೆ ಬೇಕಾದರೂ ಹೋಗಬಹುದು, ಕಾಡಿಗೇ ಕೊಡಬೇಕು ಎಂಬ ಕಟ್ಟುಪಾಡಿಲ್ಲ. ನಾನು ಹೇಳಿದೆನಲ್ಲ, ಕಾಡು ಗಳಿಕೆ ನಿಲ್ಲಿಸಿದೆ ಅಂತ? ನಿಲ್ಲಿಸಿಲ್ಲ. 0406ರಲ್ಲಿ ಬರುತ್ತಿಲ್ಲ, ಅಷ್ಟೇ.

ಸಫಾರಿ ದುಡ್ಡಿನ ಬಗ್ಗೆ ನೀವು ಕೇಳುತ್ತೀರಿ ಅಂತ ಗೊತ್ತು. 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ಹುಲಿಧಾಮಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು ಅಂದರು. ಗೇಟಿನ ಶುಲ್ಕ ಖಜಾನೆಗೆ ಹೋಗುವ ಬದಲು ಅಲ್ಲಿ ಉಳಿಯಬಹುದು, ವಾಚರನ ರೇನ್‌ಕೋಟಿಗೆ, ಜೀಪಿನ ರಿಪೇರಿಗೆ ದೆಹಲಿ ನೋಡಿಕೊಂಡು ಕೂರಬೇಕಾಗಿಲ್ಲ. ನನ್ನ ಸೇವೆಯಲ್ಲಿ ಕಂಡ ಅತ್ಯುತ್ತಮ ಸುಧಾರಣೆ ಇದೇ. ಹಾಗಂತ ಇದನ್ನೇ ನೆಚ್ಚಿಕೊಳ್ಳಲಾಗದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಗೇಟು ಮುಚ್ಚಿತು, ಆದಾಯ ಸೊನ್ನೆ. ಕಳ್ಳಬೇಟೆಯವನಿಗೆ ಲಾಕ್‌ಡೌನ್ ಇರಲಿಲ್ಲ, ಬೆಂಕಿಗಂತೂ ಇರಲೇ ಇಲ್ಲ. ಇನ್ನು ಭದ್ರಾ, ಶರಾವತಿ ಕಣಿವೆ, ಘಟಪ್ರಭಾ ಪಕ್ಷಿಧಾಮದಂಥ ಕಡೆ ಬಂಡೀಪುರದ ಗೇಟಿನಷ್ಟು ಜನ ಎಲ್ಲಿ ಬರುತ್ತಾರೆ? ಹುಲಿ ಕಾಣದ ಕಾಡೂ ಕಾಡೇ.

ಸರ್ಕಾರದ ದುಡ್ಡು ಸರಿಯಾದ ಹೊತ್ತಿಗೆ, ಸರಿಯಾದ ಕೈಗೆ ಬಂದದ್ದೇ ಇಲ್ಲವೇ ಅಂದರೆ, ಬಂದಿದೆ. ಭದ್ರಾ ಅಭಯಾರಣ್ಯದೊಳಗಿನ ಊರುಗಳವರು 2001-02ರ ಹೊತ್ತಿಗೆ ಹೊರಗೆ ಬಂದರು. ನಾನೂರಕ್ಕೂ ಹೆಚ್ಚು ಕುಟುಂಬ. ಆಸ್ಪತ್ರೆ ಇಲ್ಲ, ಶಾಲೆ ಇಲ್ಲ, ಬೆಳೆ ಕಾಡುಪ್ರಾಣಿಗಳ ಪಾಲು ಅಂತ ಬೇಸತ್ತು, ಸ್ಥಳಾಂತರ ಮಾಡಿ ಅಂತ ಅವರಲ್ಲೇ ಅನೇಕರು ಕೇಳುತ್ತಿದ್ದರು. ತರೀಕೆರೆ ಹತ್ತಿರ ಎಂ.ಸಿ. ಹಳ್ಳಿಯಲ್ಲಿ ಭದ್ರಾ ನೀರು ಹಾಯುವ ಜಮೀನನ್ನೇ ಕೊಟ್ಟರು. ಮೊದಲು ಜಮೀನು, ಮನೆ, ಆಮೇಲೆ ಸ್ಥಳಾಂತರ. ಅಲ್ಲೂ ಅಸಮಾಧಾನಗಳಿದ್ದವು, ಇಲ್ಲವೆನ್ನುವುದಿಲ್ಲ, ಆದರೆ ದೇಶದಲ್ಲಿ ಬೇರೆಡೆ ಆದ ಬಲವಂತದ ಎತ್ತಂಗಡಿಗಳ ಪಕ್ಕ ಇಟ್ಟು ನೋಡಿದರೆ ಇದು ಮರ್ಯಾದೆಯ ಕೆಲಸ. ಈಗ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಕೊಡುವ ಮೊತ್ತವನ್ನು 2021ರಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದಾರೆ. 15 ಲಕ್ಷಕ್ಕೆ ನೀರಾವರಿ ಜಮೀನು ಎಷ್ಟು ಬರುತ್ತದೆ ಅಂತ ತರೀಕೆರೆಯಲ್ಲೇ ಹೋಗಿ ವಿಚಾರಿಸಿ.

ನನ್ನನ್ನು ಕೇಳಿದರೆ ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಪ್ರತಿ ಸಂರಕ್ಷಿತ ಕಾಡಿಗೂ ಒಂದು ಇಡುಗಂಟು ಇಡಿ. ಕ್ಯಾಂಪಾ ಬಡ್ಡಿಯಿಂದಲೋ, ಹಣಕಾಸು ಆಯೋಗ ಕಾಡಿನ ಲೆಕ್ಕದಲ್ಲಿ ಕೊಟ್ಟದ್ದರ ಒಂದು ಪಾಲಿನಿಂದಲೋ. ಅಸಲು ಮುಟ್ಟಬೇಡಿ. ಬಡ್ಡಿಯಿಂದ ಎರಡೇ ಕೆಲಸ: ಬೆಂಕಿ ರೇಖೆ, ಕಾವಲಿನ ಕೂಲಿ. ಅದಕ್ಕೆ ಮಾರ್ಚ್ 31ರ ಗಡುವು ಬೇಡ, ಜೂನ್ 30 ಇರಲಿ, ಮಳೆ ಬಿದ್ದ ಮೇಲೆ ಲೆಕ್ಕ ಮುಗಿಯಲಿ. ಕಮಾನು, ಕಟ್ಟಡ, ಫಲಕಕ್ಕೆ ಇದರಿಂದ ಒಂದು ಕಾಸೂ ಇಲ್ಲ. ನಾನು ಇದನ್ನು ಹೇಳಿದಾಗ ಹಿರಿಯ ಅಧಿಕಾರಿಯೊಬ್ಬರು "ಹಣಕಾಸು ಸಂಹಿತೆಯಲ್ಲಿ ಅವಕಾಶವಿಲ್ಲ" ಅಂದರು. ಸಂಹಿತೆ ಬರೆದದ್ದು ಮನುಷ್ಯರೇ ಅಲ್ಲವೇ ಸ್ವಾಮಿ ಅಂದೆ. ಮಾತು ಅಲ್ಲಿಗೇ ನಿಂತಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಮೂರನ್ನು ಇಲ್ಲಿ ಬರೆಯುತ್ತೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ, ಬೇರೆ ದೇಶಗಳಲ್ಲಿ ಹೇಗೆ ಅಂತ ಕೇಳಿದ. ಕೋಸ್ಟರಿಕ ಎಂಬ ಪುಟ್ಟ ದೇಶ ಪೆಟ್ರೋಲು-ಡೀಸೆಲಿನ ಮೇಲಿನ ತೆರಿಗೆಯಲ್ಲಿ ಶೇ. 3.5ನ್ನು ಕಾಡು ಉಳಿಸಿಕೊಂಡ ಜಮೀನಿನವರಿಗೆ ಕೊಡಲು ತೆಗೆದಿಟ್ಟಿತು. ಅಮೆರಿಕದವರು 1964ರಲ್ಲಿ ಉದ್ಯಾನ, ಕಾಡು ಕೊಳ್ಳುವುದಕ್ಕೆ ಒಂದು ನಿಧಿ ಮಾಡಿದರು, ಮುಂದೆ ಸಮುದ್ರದಲ್ಲಿ ತೈಲ ತೆಗೆಯುವವರು ಕೊಡುವ ರಾಜಧನವನ್ನು ಅದಕ್ಕೆ ಹರಿಸಿದರು. ವರ್ಷಕ್ಕೆ 90 ಕೋಟಿ ಡಾಲರ್ ಮಿತಿ. ಆದರೆ ಪೂರ್ತಿ ಮೊತ್ತ ಬಿಡುಗಡೆಯಾದದ್ದು ಅರ್ಧ ಶತಮಾನದಲ್ಲಿ ಎರಡೇ ಸಲ. ಮಿಕ್ಕದ್ದು ಬೇರೆ ಖರ್ಚಿಗೆ ಹೋಯಿತು. 2020ರಲ್ಲಿ ಕಾನೂನು ತಿದ್ದಿ, ಇನ್ನು ಮುಂದೆ ಪ್ರತಿವರ್ಷ ಪೂರ್ತಿ ಕೊಡಲೇಬೇಕು ಅಂತ ಮಾಡಿಕೊಂಡರು. ಅಲ್ಲೂ ಖಜಾನೆ ಅಂದರೆ ಖಜಾನೆಯೇ.

ಇನ್ನೊಬ್ಬಳು, ಇದನ್ನೆಲ್ಲ ನಾವು ಎಲ್ಲಿ ನೋಡಬಹುದು ಅಂದಳು. ರಾಜ್ಯದ ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಜೆಟ್ ಸಂಪುಟಗಳಿವೆ. 2406 ತೆಗೆಯಿರಿ. ಈ ವರ್ಷದ 'ಅಂದಾಜು' ಕಾಲಂ ಮೊದಲು ನೋಡಬೇಡಿ, ಅದು ಮದುವೆಗೆ ಮೊದಲಿನ ಮಾತು. ಎರಡು ವರ್ಷ ಹಿಂದಿನ 'ಲೆಕ್ಕಗಳು' ಅಂತ ಒಂದು ಕಾಲಂ ಇರುತ್ತದೆ, ನಿಜವಾಗಿ ಖರ್ಚಾದದ್ದು ಅಲ್ಲಿರುತ್ತದೆ. ಆ ವರ್ಷದ ಹಳೆಯ ಸಂಪುಟದಲ್ಲಿ 'ಅಂದಾಜು' ಎಷ್ಟಿತ್ತು ಅಂತ ಪಕ್ಕದಲ್ಲಿಟ್ಟು ನೋಡಿ. ಯಾವ ತಿಂಗಳು ಬಂತು ಅನ್ನುವುದು ಮಾತ್ರ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಬಿಡುಗಡೆ ಆದೇಶಗಳ ಪ್ರತಿ ಕೇಳಬೇಕು.

ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬರು, ವಯಸ್ಸು ನನ್ನಷ್ಟೇ, ಎದ್ದು ನಿಂತು ಕೇಳಿದರು: "ಇಷ್ಟೆಲ್ಲ ಗೊತ್ತಿದ್ದವರು ಕೆಲಸದಲ್ಲಿದ್ದಾಗ ಯಾಕೆ ಬರೆಯಲಿಲ್ಲ?"

ಬರೆದಿದ್ದೆ. ಆ ಹೆಬ್ಬೆಟ್ಟಿನ ಅಜ್ಜ ಬಂದುಹೋದ ವಾರವೇ, ಬೆಂಕಿ ಕಾವಲಿನ ಹಣವನ್ನು ನವೆಂಬರಿನಲ್ಲೇ ಮುಂಗಡವಾಗಿ ಬಿಡುಗಡೆ ಮಾಡಬೇಕೆಂದು ಒಂದೂವರೆ ಪುಟದ ಟಿಪ್ಪಣಿ ಮಂಡಿಸಿದ್ದೆ. ಕಡತ ಮೇಲೆ ಹೋಯಿತು. ಫೆಬ್ರವರಿಯಲ್ಲಿ ಕೆಳಗೆ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು: 'ನೋಡಿದೆ. ಮುಂದಿನ ಸಾಲಿನಲ್ಲಿ ಪರಿಶೀಲಿಸಿ.' ಅವತ್ತು ಬೆಳಗ್ಗೆಯೇ ಗುಡ್ಡದ ಆಚೆ ಹೊಗೆ ಎದ್ದಿತ್ತು, ಜೀಪಿಗೆ ಡೀಸೆಲ್ ಹಾಕಿಸಲು ದುಡ್ಡು ಬೇಕು ಅಂತ ಡ್ರೈವರು ನನ್ನ ಮೇಜಿನ ಮುಂದೆ ನಿಂತಿದ್ದ.